ಎರಡು ಕಾರ್ ಸೀಟ್, ನಡುವೆ ಅತ್ತೆ: ಎರಡು ಸಾಲಿನ ಎಸ್‌ಯುವಿ ಸಾಕಾಗುತ್ತಾ?

ಪುತ್ತೂರಿನ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತು ವರ್ಷದ ಚಿಕ್ಕ ಕಾರು ಈಗ ಸಾಲುತ್ತಿಲ್ಲ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎಂಟು ತಿಂಗಳು. ಇಬ್ಬರಿಗೂ ಐಸೋಫಿಕ್ಸ್, ಅಂದರೆ ಗಾಡಿಯ ಸೀಟಿನಲ್ಲಿರುವ ಕೊಂಡಿಗೆ ಸಿಕ್ಕಿಸುವ ಕಾರ್ ಸೀಟ್ ಇದೆ. ಮಗನದು ಹಿಂದಕ್ಕೆ ಮುಖ ಮಾಡಿ ಕೂರಿಸುವಂಥದ್ದು. ಎರಡು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಹೋಗುತ್ತೇವೆ. ಅತ್ತೆ ನಮ್ಮ ಜೊತೆಗೇ ಇರುತ್ತಾರೆ. ದೊಡ್ಡವರು ಮೂವರು, ಮಕ್ಕಳು ಇಬ್ಬರು. ಲೆಕ್ಕಕ್ಕೆ ಐದೇ ಜನ, ಐದು ಸೀಟಿನ ಗಾಡಿ ಸಾಕು ಅಲ್ವಾ?

ಕಳೆದ ಭಾನುವಾರ ಒಂದು ಶೋರೂಮಿಗೆ ಹೋಗಿದ್ದೆವು. ಅಲ್ಲಿನ ಹುಡುಗ ಅರ್ಧ ಗಂಟೆ ಸನ್‌ರೂಫ್ ತೆಗೆದು ಮುಚ್ಚಿ ತೋರಿಸಿದ. ಮಗಳಿಗೆ ಖುಷಿಯೋ ಖುಷಿ. "ಕಾರ್ ಸೀಟ್ ತಂದಿದ್ದೀವಿ, ಹಾಕಿ ನೋಡಬಹುದಾ?" ಅಂತ ಕೇಳಿದೆ. "ಸೀಟಿನ ಪ್ಲಾಸ್ಟಿಕ್ ಕವರ್ ತೆಗೆಯೋ ಹಾಗಿಲ್ಲ ಮೇಡಂ" ಅಂದ. ಅಲ್ಲಿಗೆ ಮುಗಿಯಿತು.

ಉದ್ದದ ಗಾಡಿ ಬೇಡ. ನಮ್ಮ ಪಾರ್ಕಿಂಗ್ ಎರಡು ಕಂಬಗಳ ನಡುವೆ ಇದೆ. ಹೋಗುವಾಗ ಸ್ಟ್ರಾಲರ್, ಎರಡು ಸೂಟ್‌ಕೇಸ್. ಬರುವಾಗ ಅವುಗಳ ಜೊತೆ ಒಂದು ಗೋಣಿ ತೆಂಗಿನಕಾಯಿ, ಹಪ್ಪಳದ ಡಬ್ಬ, ಕಾಲ ಬಂದರೆ ಒಂದು ಹಲಸಿನಹಣ್ಣು. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಓಡಾಡುವವರು ಅನುಭವ ಹೇಳಿ.

ಅವಳಿ ಮಕ್ಕಳ ಅಪ್ಪ

ಸನ್‌ರೂಫ್ ಬಿಡಿ. ಮೊದಲು ಕ್ರ್ಯಾಶ್ ಟೆಸ್ಟಿನಲ್ಲಿ ಮಕ್ಕಳ ಅಂಕ ನೋಡಿ. ಜಾಹೀರಾತಿನಲ್ಲಿ 5 ಸ್ಟಾರ್ ಅಂತ ದೊಡ್ಡದಾಗಿ ಇರುತ್ತೆ, ಯಾರಿಗೆ 5 ಅಂತ ನಾವೇ ಹುಡುಕಬೇಕು. ಟಾಟಾ ನೆಕ್ಸಾನ್ 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ (ಗಾಡಿ ಗುದ್ದಿಸಿ ನೋಡಿ ಸ್ಟಾರ್ ಕೊಡುವ ಸಂಸ್ಥೆ) ಟೆಸ್ಟಿನಲ್ಲಿ ದೊಡ್ಡವರಿಗೆ 5 ತಗೊಂಡಾಗ ಮಕ್ಕಳಿಗೆ ಸಿಕ್ಕಿದ್ದು 3. 2024ರ ಟೆಸ್ಟಿನಲ್ಲಿ ಎರಡಕ್ಕೂ 5 ಬಂತು. ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್ 2022ರಲ್ಲೇ ಎರಡರಲ್ಲೂ 5 ತಗೊಂಡವು. 2023ರ ಅಕ್ಟೋಬರಿನಿಂದ ನಮ್ಮ ಭಾರತ್ ಎನ್‌ಕ್ಯಾಪ್ ಇದೆ. ಅದರಲ್ಲೂ ಮಕ್ಕಳಿಗೆ 49ಕ್ಕೆ ಎಷ್ಟು ಬಂತು ಅಂತ ಬೇರೆ ಅಂಕ ಇರುತ್ತೆ. ಟೆಸ್ಟಿಗೆ ಕೂರಿಸುವ ಗೊಂಬೆಗಳು ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯವು.

ಇನ್ನು ಡಿಕ್ಕಿ. ಹೋಂಡಾ ಎಲಿವೇಟ್ 458 ಲೀಟರ್, ಹ್ಯುಂಡೈ ಕ್ರೆಟಾ 433, ಕುಶಾಕ್ 385 ಅಂತ ಕಂಪನಿ ಲೆಕ್ಕ. ಆದರೆ ಸ್ಟ್ರಾಲರ್ ನೀರಲ್ಲ, ಸುರಿದರೆ ಕೂರಲ್ಲ! ನಮ್ಮದು ಅಡ್ಡ ಮಲಗಿಸಿದರೆ ಚಕ್ರದ ಉಬ್ಬಿಗೆ ತಾಗುತ್ತೆ, ಓರೆಯಾಗಿ ಇಟ್ಟರೆ ಮಾತ್ರ ಬಾಗಿಲು ಮುಚ್ಚುತ್ತೆ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವುದು) ನೋಡುತ್ತಿದ್ದರೆ, ಬ್ಯಾಟರಿ ಡಿಕ್ಕಿಯ ಅಡಿಯಲ್ಲೇ ಇರುತ್ತೆ, ಜಾಗ ಕಮ್ಮಿ. ತೆಂಗಿನಕಾಯಿಯವರು ಯೋಚಿಸಿ.

ಹಾಸನದ ಗಾಡಿ

ಇಷ್ಟೆಲ್ಲಾ ಯಾಕೆ? ನಾವೆಲ್ಲ ಅಮ್ಮನ ತೊಡೆ ಮೇಲೆ ಕೂತು ಬೆಳೆದವರೇ. ಒಂದು ಕಾರ್ ಸೀಟ್ ಮನೆಯಲ್ಲಿಡಿ, ಜಾಗವೇ ಜಾಗ.

ಅವಳಿ ಮಕ್ಕಳ ಅಪ್ಪ

ಸ್ವಾಮಿ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಕಾರ್ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ, ಮೋಟಾರು ವಾಹನ ಕಾಯ್ದೆಯ 194ಬಿ. ದಂಡ ಹಾಳಾಗಲಿ, ಎಂಬತ್ತರ ಸ್ಪೀಡಿನಲ್ಲಿ ಬ್ರೇಕ್ ಹೊಡೆದರೆ ಯಾವ ಅಮ್ಮನ ಕೈಯೂ ಮಗುವನ್ನು ಹಿಡಿಯಲ್ಲ.

ಶಿರಸಿ ಅಕ್ಕ

ನಡುವಿನ ಸೀಟಿನ ಮಾತನ್ನು ಯಾರೂ ಎತ್ತಲಿಲ್ಲವಲ್ಲ! ಈ ಸೈಜಿನ ಗಾಡಿಗಳಲ್ಲಿ ಐಸೋಫಿಕ್ಸ್ ಕೊಂಡಿ ಇರುವುದು ಎರಡು ಬದಿಗೆ. ಎರಡೂ ಕಡೆ ಸೀಟ್ ಹಾಕಿದ ಮೇಲೆ ನಡುವೆ ಉಳಿಯುವುದು ಒಂದು ಗೇಣು ಚಿಲ್ಲರೆ. ನಮ್ಮಮ್ಮ ಒಮ್ಮೆ ಅಲ್ಲಿ ಕೂತು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಬಂದರು. ಹೊರಡುವಾಗ ನೋಡಿದರೆ ಬೆಲ್ಟಿನ ಬಕಲ್ ಕಾರ್ ಸೀಟಿನ ಅಡಿ ಸೇರಿಕೊಂಡಿದೆ. ಅಮ್ಮ ಕೈ ಹಾಕಿ ಹುಡುಕಿದರು. ಸಿಕ್ಕಿದ್ದು ಹಳೇ ಬಿಸ್ಕತ್ತಿನ ಚೂರು, ಒಂದು ಕ್ರೇಯಾನ್. ಆಮೇಲೆ ಬಳೆ ಸಿಕ್ಕಿಕೊಂಡಿತು. ಕೊನೆಗೆ ಕಾರ್ ಸೀಟ್ ಬಿಚ್ಚಿ, ಬಕಲ್ ಮೇಲೆಳೆದು, ಅಮ್ಮನಿಗೆ ಬೆಲ್ಟ್ ಹಾಕಿ, ಮತ್ತೆ ಸೀಟ್ ಕೂರಿಸಿದ್ದು. ಅಷ್ಟೊತ್ತಿಗೆ ಮಗು ಎದ್ದು ಅಳು ಶುರು.

ಅದಕ್ಕೇ ಹೇಳುವುದು, ಅತ್ತೆಯನ್ನೂ ಎರಡೂ ಸೀಟುಗಳನ್ನೂ ಶೋರೂಮಿಗೆ ಕರೆದುಕೊಂಡು ಹೋಗಮ್ಮಾ. ಭಾನುವಾರ ಬೇಡ, ವಾರದ ಮಧ್ಯೆ ಬೆಳಿಗ್ಗೆ ಹೋಗು. ಟೆಸ್ಟ್ ಡ್ರೈವ್ ಗಾಡಿಗೆ ಹಾಕಿಸು, ಅದಕ್ಕೆ ಪ್ಲಾಸ್ಟಿಕ್ ಕವರಿನ ನೆಪ ಇರಲ್ಲ. ಮಗಳ ಕಣ್ಣಿನ ಎತ್ತರಕ್ಕೆ ಬಗ್ಗಿ ಹಿಂದಿನ ಕಿಟಕಿಯನ್ನೂ ನೋಡು. ಕೆಲವು ಗಾಡಿಗಳಲ್ಲಿ ಕಿಟಕಿ ಹಿಂದಕ್ಕೆ ಹೋದ ಹಾಗೆ ಮೇಲೇರುತ್ತೆ, ಮಗುವಿಗೆ ಕಾಣುವುದು ಬರೀ ಬಾಗಿಲು. ಘಾಟಿಯಲ್ಲಿ ಹೊರಗೆ ಕಾಣದ ಮಗು ವಾಂತಿ ಮಾಡದೆ ಇನ್ನೇನು ಮಾಡುತ್ತೆ?

ಪುತ್ತೂರಿನ ಸೊಸೆ

ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆವು. ಬುಧವಾರ ರಜೆ ಹಾಕಿ ಮೂರು ಶೋರೂಮ್ ಸುತ್ತಿದೆವು. ಅತ್ತೆ, ಮಕ್ಕಳು, ಎರಡು ಸೀಟು, ನನ್ನ ಹೊಲಿಗೆ ಟೇಪು. ಗಾಡಿಗಳ ಹೆಸರು ಹೇಳಲ್ಲ, ಸುಮ್ನೆ ಜಗಳ ಶುರುವಾಗುತ್ತೆ.

ಮೊದಲನೆಯದರಲ್ಲಿ ಮಗನ ಸೀಟ್ ಡ್ರೈವರ್ ಹಿಂದೆ ಹಾಕಿದೆವು. ನಮ್ಮ ಯಜಮಾನರು ಆರಡಿ. ಮುಂದಿನ ಸೀಟ್ ಮುಂದಕ್ಕೆ ತಳ್ಳಿದ ಮೇಲೆ ಮಂಡಿ ಸ್ಟೀರಿಂಗಿಗೆ ತಾಗಿತು. ಸರಿ, ಎಡಗಡೆಗೆ ಬದಲಾಯಿಸಿದೆವು. ಈಗ ನನ್ನ ಮಂಡಿ ಡ್ಯಾಶ್‌ಬೋರ್ಡಿಗೆ. ನಡುವಿನ ಜಾಗ ಅಳೆದರೆ 28 ಸೆಂಟಿಮೀಟರ್. ಅತ್ತೆ ಹೊರಗೆ ನಿಂತು ಎಲ್ಲ ನೋಡುತ್ತಿದ್ದರು. "ನನ್ನ ಕಾಲು ಗಿಡ್ಡ, ನಾನು ಮುಂದೆ ಕೂರ್ತೇನೆ. ನೀನು ಮಕ್ಕಳ ನಡುವೆ ಕೂತ್ಕೋ" ಅಂದರು. ಒಂದು ವಾರದಿಂದ ಅತ್ತೆಯನ್ನು ಎಲ್ಲಿ ತುರುಕುವುದು ಅಂತ ಯೋಚಿಸುತ್ತಿದ್ದೆವು, ಅವರನ್ನೇ ಕೇಳಬೇಕು ಅಂತ ಹೊಳೆದಿರಲಿಲ್ಲ.

ಮೂರನೇ ಗಾಡಿಯಲ್ಲಿ ನಡುವೆ 36 ಸೆಂಟಿಮೀಟರ್ ಸಿಕ್ಕಿತು. ಬಕಲ್ ಕೈಗೆ ಸಿಗುತ್ತೆ. ಒಂದು ಪೃಷ್ಠ ಸ್ವಲ್ಪ ಮೇಲೆ, ಆದರೂ ಕೂರಬಹುದು. ಹಾಲಿನ ಬಾಟಲ್ ಬಲಗೈಗೆ ಬಂದರೆ ಎಡಗೈಯಲ್ಲಿ ಕೊಡಬಹುದು. ಸ್ಟ್ರಾಲರ್ ಹಿಡಿಯಿತು. ತೆಂಗಿನಕಾಯಿಗೆ ಅರ್ಧ ಗೋಣಿ ಜಾಗ, ಮಾವನವರಿಗೆ ಇನ್ನೂ ಹೇಳಿಲ್ಲ.

ಅದನ್ನೇ ಬುಕ್ ಮಾಡುವ ಯೋಚನೆ. ಅತ್ತೆಯದು ಒಂದೇ ತಕರಾರು, ಹತ್ತುವುದು ಎತ್ತರ. ಎರಡು ಸಲ ಸೀರೆ ನೆರಿಗೆ ಹಿಡಿದುಕೊಂಡು ನಿಂತೇಬಿಟ್ಟರು. ಪಕ್ಕಕ್ಕೆ ಕಾಲಿಡುವ ಸ್ಟೆಪ್ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಎಷ್ಟು ಹೊರಗೆ ಚಾಚುತ್ತೆ? ಆ ಕಂಬದ ಹತ್ತಿರ ನಮಗೆ ಉಳಿಯುವುದೇ ಎರಡು ಗೇಣು.