ಮನೆಯವರ ಬಗ್ಗೆ ಬರೆದವರು ಇದ್ದೀರಾ? ನಿಜ ಹೆಸರು ಹಾಕಿದ್ರಾ?

ಕೇಳಿದವರು, ಕಲಬುರಗಿ: ಮನೆಯಲ್ಲಿ ಆಡೋದು ದಖ್ಖನಿ ಉರ್ದು, ನಾನು ಬರೆಯೋದು ಕನ್ನಡ. ನಾನು ಎಲ್ಲಿಯವಳು ಅನ್ನೋದನ್ನು ಬರೆದೇ ನೋಡಬೇಕು ಅನ್ನಿಸಿದೆ. ಅಮ್ಮಿ, ನಾನಿ, ನಮ್ಮ ಗಲ್ಲಿ ಎಲ್ಲ ಬರುತ್ತವೆ. ಆತ್ಮಕಥೆ ಅಂತಲೇ ತರಲಾ, ಹೆಸರು ಬದಲಿಸಿ ಕಥೆ ಮಾಡಲಾ?

ನಿವೃತ್ತ ಮೇಷ್ಟ್ರು, ಹೊಸಪೇಟೆ: ನಾನು ನಿಜ ಹೆಸರೇ ಹಾಕಿದೆ. ಕೇರಿಯ ಬಾವಿ, ಶಾಲೆಯಲ್ಲಿ ಹೊರಗೆ ಕೂರಿಸಿದ್ದು, ಎಲ್ಲ ಬರೆದೆ. ಖರ್ಚು ಕೇಳಿ. ಡೆಮಿ 1/8 ಅಳತೆಯ ಪುಸ್ತಕ, 176 ಪುಟ, 500 ಪ್ರತಿ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ, ಪುಟಕ್ಕೆ 35ರಂತೆ 6,160 ರೂಪಾಯಿ. ಮುಖಪುಟಕ್ಕೆ 5,000. ಕಾಗದ, ಮುದ್ರಣ, ಬೈಂಡಿಂಗ್ 48,000. ಬಿಡುಗಡೆ ದಿನದ ಊಟ 18,000, ಹಾರ ಶಾಲು ಬೇರೆ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಸರ್ಕಾರ ಪುಕ್ಕಟೆ ಕೊಡುತ್ತದೆ, ಅದಕ್ಕೂ ಪ್ರಕಾಶಕ 1,500 ಕಿತ್ತ. ಮುನ್ನುಡಿ ಬರೆಯುತ್ತೇನೆ ಅಂದವರು ಯುಗಾದಿಯಿಂದ ಯುಗಾದಿವರೆಗೆ ಸತಾಯಿಸಿದರು. ಬರೆದದ್ದು ಒಂದೂವರೆ ಪುಟ, ಅದರಲ್ಲಿ ಒಂದು ಪುಟ ಅವರದೇ ಬಾಲ್ಯ! ಗ್ರಂಥಾಲಯ ಇಲಾಖೆ ಕೊಳ್ಳುವ ಪುಸ್ತಕಗಳ ಪಟ್ಟಿಯಲ್ಲಿ ನನ್ನದು ಬರಲಿಲ್ಲ. ಬಂಡಲ್‌ಗಳು ಮಂಚದ ಕೆಳಗಿವೆ.

ಗೃಹಿಣಿ, ಶಿರಸಿ: ನಾನು ಕಥೆ ಅಂತಲೇ ಬರೆದೆ. ಹೆಸರು, ಊರು ಎಲ್ಲ ಬದಲಿಸಿದ್ದೆ. ಅಡಕೆ ಸುಲಿಯುವಾಗ ಅತ್ತೆ ಆಡುವ ಒಂದು ಮಾತು ಮಾತ್ರ ಹಾಗೇ ಇತ್ತು. ಪತ್ರಿಕೆಯಲ್ಲಿ ಬಂದ ದಿನವೇ ನಾದಿನಿಯ ಫೋನು. ಆ ವರ್ಷ ಅವರ ಕಡೆಯ ಒಂದು ಮದುವೆಗೂ ಕರೆಯಲಿಲ್ಲ. ಸಿಕ್ಕ ಗೌರವಧನ 600 ರೂಪಾಯಿ. ಆದರೂ ಕಥೆಯೇ ಸರಿ. 'ನಾನು' ಬಿಟ್ಟು 'ಅವಳು' ಅಂತ ಬರೆದಾಗಲೇ ನನ್ನ ಸಿಟ್ಟು ನನಗೆ ಕಂಡದ್ದು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದೂ ಕಥೆಗಳಿಗೇ ಅಲ್ವಾ?

ಮೇಷ್ಟ್ರು: ತಾಯಿ, ನಿಮಗೆ ಬಚ್ಚಿಡೋ ಅನುಕೂಲ ಇದೆ. ನಾವು ಹೆಸರು ಬದಲಿಸಿದರೆ ಕಟ್ಟುಕಥೆ ಅಂತ ಊರವರೇ ತಳ್ಳಿಹಾಕುತ್ತಾರೆ. ದಲಿತ ಲೇಖಕ ಅರವಿಂದ ಮಾಲಗತ್ತಿ 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ತಂದಾಗ ತನ್ನದೇ ಬದುಕು ಅಂತ ಹೇಳಿಯೇ ತಂದರು.

ಶಿರಸಿ: ಅನುಕೂಲವಾ? ಮನೆಯೊಳಗೆ ದಿನಾ ಅವರ ಮುಖ ನೋಡೋದು ನಾನು. ನಿಮ್ಮದು ಬರೀ ಬಂಡಲ್ ಲೆಕ್ಕ.

ಕೋರ್ಟ್ ಗುಮಾಸ್ತ, ತುಮಕೂರು: ಇಬ್ಬರೂ ಸ್ವಲ್ಪ ಸುಮ್ನಿರಿ. ತೀರಿಕೊಂಡ ದೊಡ್ಡಪ್ಪನ ಬಗ್ಗೆ ಬರೆದು ನನಗೆ ವಕೀಲರ ನೋಟಿಸ್ ಬಂತು. ಸತ್ತವರ ಬಗ್ಗೆ ಬರೆದರೂ, ಮನೆಯವರನ್ನು ನೋಯಿಸುವ ಉದ್ದೇಶ ಇದ್ದರೆ ಮಾನನಷ್ಟ ಆಗಬಹುದು. ಮೊದಲು ಐಪಿಸಿ ಸೆಕ್ಷನ್ 499, ಈಗ ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 356. ನಿಜ ಅಂದರೆ ಸಾಲದು, ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಹೆಸರು ಬದಲಿಸಿದರೂ ಗುರುತು ಸಿಕ್ಕರೆ ಬಚಾವಿಲ್ಲ. ರಾಜಿ ಮಾಡಿಸಲು ವಕೀಲರಿಗೆ 15,000, ದೊಡ್ಡಮ್ಮನಿಗೆ ಸೀರೆ 4,200.

ಟೆಕ್ಕಿ, ಬೆಂಗಳೂರು: ಪುಸ್ತಕ ಯಾಕೆ ಬೇಕು? ಯೂನಿಕೋಡ್‌ನಲ್ಲಿ ಬರೆದು ನಿಮ್ಮ ಹತ್ತಿರವೇ ಇಟ್ಕೊಳ್ಳಿ. ಆದರೆ 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬರೆಯಬೇಡಿ. ಯೂನಿಕೋಡ್‌ಗೆ ಪರಿವರ್ತಿಸುವಾಗ ನನ್ನ ಒತ್ತಕ್ಷರ, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿ ಆದವು.

ಮೇಷ್ಟ್ರು: ನುಡಿ ಬಗ್ಗೆ ಹಗುರವಾಗಿ ಮಾತಾಡಬೇಡಪ್ಪ. ನಮ್ಮ ಪ್ರೆಸ್‌ನವರು ಇವತ್ತಿಗೂ ಅದನ್ನೇ ಕೇಳ್ತಾರೆ.

ಟೆಕ್ಕಿ: ಅದಕ್ಕೇ ಸಾರ್, ಪ್ರೆಸ್ ಬೇಡ ಅಂದಿದ್ದು.

ಕೇಳಿದವರು: ನಾನು ಕೇಳಿದ್ದು ಬೇರೆ ಅಲ್ವಾ? ನಾನಿಯ ಮಾತುಗಳನ್ನು ದಖ್ಖನಿಯಲ್ಲೇ ಇಡಬಹುದಾ, ಅದಾದರೂ ಹೇಳಿ.

ಮೇಷ್ಟ್ರು: ಇಡಮ್ಮಾ. ಕೆಳಗೆ ಅರ್ಥ ಹಾಕೋಕೆ ಹೋಗಬೇಡ. ಅಡಿಟಿಪ್ಪಣಿಗೆ ಡಿಟಿಪಿಯವರು ಜಾಸ್ತಿ ದುಡ್ಡು ಕೇಳ್ತಾರೆ.