ಮೂರು ಹಗಲಿನ ಪ್ಯಾರಿಸ್: ಹೋದ ಪುಟ್ಟ ಬಂದ ಪುಟ್ಟ ಆಗುತ್ತಾ?

ಓದುಗರೊಬ್ಬರ ಸಮಸ್ಯೆ

ನನಗೂ ನನ್ನವರಿಗೂ ಒಟ್ಟಿಗೆ ರಜೆ ಸಿಗೋದೇ ಅಪರೂಪ. ಈ ಸಲ ಸಿಕ್ಕಿರೋದು ಗುರುವಾರ ರಾತ್ರಿಯಿಂದ ಮಂಗಳವಾರ ಬೆಳಿಗ್ಗೆವರೆಗೆ. ಇವರು ಪ್ಯಾರಿಸ್‌ಗೆ ಹೋಗಿ ಬರೋಣ ಅಂತಾರೆ. ಮಧ್ಯೆ ಒಂದು ಕಡೆ ವಿಮಾನ ಬದಲಿಸಿ ಹೋಗೋಕೆ 16 ಗಂಟೆ, ಬರೋಕೆ 16 ಗಂಟೆ. ನಾವಿರೋದು ಭಾರತಕ್ಕಿಂತ ಪೂರ್ವದ ದೇಶದಲ್ಲಿ, ಹಾಗಾಗಿ ಪ್ಯಾರಿಸ್ ಗಡಿಯಾರ ನಮ್ಮದಕ್ಕಿಂತ 7 ಗಂಟೆ ಹಿಂದೆ. ಶುಕ್ರವಾರ ಬೆಳಿಗ್ಗೆ 8ಕ್ಕೆ ಇಳಿದರೆ ಸೋಮವಾರ ಬೆಳಿಗ್ಗೆ 10ಕ್ಕೆ ವಾಪಸ್ ವಿಮಾನ. ಮಂಗಳವಾರ 9ಕ್ಕೆ ಊರು, ಮಧ್ಯಾಹ್ನಕ್ಕೆ ನನಗೆ ಆಫೀಸು. ಇಷ್ಟಕ್ಕೆ ಅಷ್ಟು ದೂರ ಹೋಗೋದು ಹುಚ್ಚು ಅಂತ ನನ್ನ ವಾದ. ಹದಿನೈದು ದಿನ ರಜೆ ಸಿಕ್ಕಾಗ ನಿಧಾನವಾಗಿ ಹೋಗೋಣ ಅಂದರೆ, ‘ಆರು ವರ್ಷದಿಂದ ಅದನ್ನೇ ಹೇಳ್ತಿದ್ದೀಯ’ ಅಂತಾರೆ. ಅದೂ ಸುಳ್ಳಲ್ಲ. ಏನು ಮಾಡಲಿ?

ಓದುಗರ ಸ್ಪಂದನ

ನನ್ನ ಕೆಲಸವೇ ಲೆಕ್ಕ ಬರೆಯೋದು. ನಿಮ್ಮ ಪತ್ರ ಓದುತ್ತಲೇ ಕೈ ಪೆನ್ಸಿಲ್ ಕಡೆ ಹೋಯಿತು ಮೇಡಂ.

ಮನೆ ಬಿಟ್ಟು ವಿಮಾನ ಹತ್ತುವವರೆಗೆ 4 ಗಂಟೆ. ದಾರಿ 16. ಇಳಿದು ಪಾಸ್‌ಪೋರ್ಟ್ ಸಾಲು ಮುಗಿಸಿ ಹೋಟೆಲ್ ಬಾಗಿಲು ಮುಟ್ಟೋಕೆ ಎರಡೂವರೆ. ಇದನ್ನು ಕಡಿಮೆ ಹಿಡಿಯಬೇಡಿ. 2025ರ ಅಕ್ಟೋಬರ್‌ನಿಂದ ಹೊರಗಿನಿಂದ ಬರುವವರ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ಪದ್ಧತಿ ಯುರೋಪಿನ ಗಡಿಗಳಲ್ಲಿ ಶುರುವಾಗಿದೆ. ಬರುವಾಗ ಬೆಳಿಗ್ಗೆ 6ಕ್ಕೇ ಹೋಟೆಲ್ ಬಿಡಬೇಕು, ಅಲ್ಲಿಗೆ ಇನ್ನೊಂದು 4. ಮತ್ತೆ ದಾರಿ 16, ಮನೆಗೆ ಒಂದೂವರೆ. ಒಟ್ಟು 44 ಗಂಟೆ ಬರೀ ಹೋಗಿ ಬರೋದಕ್ಕೆ.

ಈಗ ಇನ್ನೊಂದು ಕಡೆ ನೋಡಿ. ಪ್ಯಾರಿಸ್‌ನಲ್ಲಿ ನೀವಿರೋದು ಶುಕ್ರವಾರ ಹತ್ತೂವರೆಯಿಂದ ಸೋಮವಾರ ಆರರವರೆಗೆ. ಅರವತ್ತೇಳೂವರೆ ಗಂಟೆ. ರಾತ್ರಿಗೆ ಏಳೂವರೆ ಗಂಟೆಯಂತೆ ಮೂರು ರಾತ್ರಿಯ ನಿದ್ದೆ ಕಳೆದರೆ ಉಳಿಯೋದು 45. ಅಂದರೆ 44 ಕೊಟ್ಟು 45 ತಗೊಳ್ಳೋದು. ನಷ್ಟ ಅನ್ನೋಕಾಗಲ್ಲ, ಲಾಭ ಅನ್ನೋಕೆ ನಾಚಿಕೆ.

ಆದರೆ ಅಲ್ಲಿ ಮೂರೇ ಮೂರು ದಿನ ಜಾಸ್ತಿ ಉಳಿದರೆ ಅದೇ 44ಕ್ಕೆ ತೊಂಬತ್ನಾಲ್ಕೂವರೆ ಬರುತ್ತೆ. ಹಾಗಾಗಿ ಹದಿನೈದು ದಿನಕ್ಕೆ ಕಾಯೋದೂ ಬೇಡ, ಈಗಲೇ ಓಡೋದೂ ಬೇಡ. ಒಂದು ವಾರ ಹೇಗಾದರೂ ಕಿತ್ತುಕೊಳ್ಳಿ. ವೀಸಾ ಬೇಕಿದ್ದರೆ ಅದರ ಕಾಗದಪತ್ರ, ಓಡಾಟ ಮೂರು ದಿನಕ್ಕೂ ಅಷ್ಟೇ, ಮೂವತ್ತು ದಿನಕ್ಕೂ ಅಷ್ಟೇ.

– ಲೆಕ್ಕಪತ್ರದ ಓದುಗ

*

ಹನ್ನೊಂದು ವರ್ಷ ವಿಮಾನದಲ್ಲಿ ಕ್ಯಾಬಿನ್ ಸಿಬ್ಬಂದಿಯಾಗಿದ್ದವಳು ನಾನು. ಬೇರೆ ದೇಶದಲ್ಲಿ ಎರಡು ರಾತ್ರಿ ಮಲಗಿ ವಾಪಸ್ ಬರೋದು ನನಗೆ ದಿನನಿತ್ಯದ ಕೆಲಸವಾಗಿತ್ತು. ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ.

ಎಲ್ಲರೂ ಹೆದರೋದು ಹೋಗುವಾಗಿನ ಸುಸ್ತಿಗೆ. ನಿಮಗೆ ಪೆಟ್ಟು ಬೀಳೋದು ಬರುವಾಗ. ನಮ್ಮ ಮೈಯೊಳಗಿನ ಗಡಿಯಾರ 24 ಗಂಟೆಗಿಂತ ತುಸು ನಿಧಾನವಾಗಿ ಓಡುತ್ತೆ. ದಿನವನ್ನು ಉದ್ದಕ್ಕೆ ಎಳೆದರೆ ಅದು ಗೊಣಗದೆ ಒಪ್ಪುತ್ತೆ, ಮೊಟಕು ಮಾಡಿದರೆ ಹಟ ಹಿಡಿಯುತ್ತೆ. ನೀವು ಹೋಗೋದು ಪಶ್ಚಿಮಕ್ಕೆ, ದಿನ ಉದ್ದವಾಗುತ್ತೆ. ಬರೋದು ಪೂರ್ವಕ್ಕೆ. ಪೂರ್ವದ ಕಡೆ ಬಂದಾಗ ಒಂದು ಗಂಟೆಯ ವ್ಯತ್ಯಾಸ ಸರಿಹೋಗೋಕೆ ಸುಮಾರು ಒಂದು ದಿನ ಬೇಕು ಅನ್ನೋದು ರೂಢಿಯ ಲೆಕ್ಕ. ಅಲ್ಲಿನ ಹೊತ್ತಿಗೆ ಪೂರ್ತಿ ಹೊಂದಿಕೊಂಡು ಬಂದಿರೋ, ಇಲ್ಲಿ ಬಂದ ಮೇಲೆ ಒಂದು ವಾರ ಮಧ್ಯರಾತ್ರಿ ಚಾವಣಿ ನೋಡ್ತಾ ಮಲಗಿರ್ತೀರಿ.

ಅದಕ್ಕೆ ನಮ್ಮ ಉಪಾಯ ಏನಂದರೆ, ಹೊಂದಿಕೊಳ್ಳೋಕೇ ಹೋಗಬಾರದು. ಒಂದೆರಡು ದಿನದ ತಂಗುವಿಕೆ ಆದರೆ ಕೈಗಡಿಯಾರ ಮುಟ್ಟುತ್ತಲೇ ಇರಲಿಲ್ಲ. ಹೊರಗೆ ಬಿಸಿಲಿದ್ದರೂ ಪರದೆ ಎಳೆದು ಊರಿನ ಹೊತ್ತಿಗೇ ಮಲಗೋದು. ನಿಮ್ಮದು ಮೂರು ದಿನ, ಅಷ್ಟು ಕಟ್ಟುನಿಟ್ಟು ಆಗಲ್ಲ. ಅರ್ಧ ದಾರಿಗೆ ರಾಜಿ ಆಗಿ. ರಾತ್ರಿ ಎಂಟೂವರೆಗೆಲ್ಲ ಮಲಗಿಬಿಡಿ. ಬೆಳಗಿನ ನಾಲ್ಕಕ್ಕೆ ತಾನಾಗಿ ಎಚ್ಚರ ಆಗುತ್ತೆ.

ಆಗ ಫೋನ್ ಹಿಡ್ಕೊಂಡು ಹೊರಳಾಡಬೇಡಿ. ಸ್ನಾನ ಮಾಡಿ, ಬೆಳಕು ಹರಿಯೋ ಹೊತ್ತಿಗೆ ಇಬ್ಬರೂ ಬೀದಿಗೆ ಇಳಿಯಿರಿ. ಪ್ಯಾರಿಸ್ ಅಂದರೆ ನನಗೆ ಮೊದಲು ನೆನಪಾಗೋದು ಹಸಿರು ಬಟ್ಟೆ ತೊಟ್ಟ ಬೀದಿ ಗುಡಿಸುವವರು. ಬೆಳಿಗ್ಗೆ ಅವರು ಫುಟ್‌ಪಾತಿನ ಅಂಚಿನಲ್ಲಿರೋ ನೀರಿನ ಕಿಂಡಿ ತೆರೆಯುತ್ತಾರೆ. ಹಳೆ ಕಾರ್ಪೆಟ್ ತುಂಡನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಅಂಚಿಗೆ ಅಡ್ಡ ಇಡುತ್ತಾರೆ. ನೀರು ಅದಕ್ಕೆ ಬಡಿದು ಅವರಿಗೆ ಬೇಕಾದ ಕಡೆ ತಿರುಗಿ, ರಾತ್ರಿಯ ಕಸವನ್ನೆಲ್ಲ ಎಳಕೊಂಡು ಹೋಗುತ್ತೆ. ಒಂದು ದಿನ ಒಂದು ಬಾಟಲಿ ಮುಚ್ಚಳ ಆ ನೀರಲ್ಲಿ ತೇಲುತ್ತಾ ಇಡೀ ಬೀದಿ ದಾಟಿದ್ದನ್ನು ಪಕ್ಕದಲ್ಲೇ ನಡೆದು ನೋಡಿದೆ. ಮೂಲೆಯ ಬೇಕರಿಯವನು ಬಾಗಿಲು ತೆರೆದು, ಏನಿವಳು ಅನ್ನೋ ಹಾಗೆ ನನ್ನನ್ನು ನೋಡಿದ. ಹದಿನೈದು ದಿನಕ್ಕೆ ಅಂತ ಬಂದು ಎಂಟು ಗಂಟೆಗೆ ಏಳುವವರಿಗೆ ಇದೆಲ್ಲ ಕಾಣಲ್ಲ.

ಒಂದು ಎಚ್ಚರಿಕೆ. ಲೂವ್ರ್ ಮ್ಯೂಸಿಯಂ ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತೆ ಅಂತ ಯಾರಾದರೂ ಆಸೆ ಹುಟ್ಟಿಸಬಹುದು. ಆ ಹೊತ್ತಿಗೆ ನಿಮ್ಮ ಮೈಗೆ ಬೆಳಗಿನ ಜಾವ ನಾಲ್ಕು. ಮೋನಾಲಿಸಾ ಮುಂದೆ ನಿಂತು ಆಕಳಿಸೋಕೆ ಅಷ್ಟು ದೂರ ಹೋಗಬೇಕಾ? ಶನಿವಾರ ಬಾಗಿಲು ತೆರೆಯುವಾಗಲೇ ಹೋಗಿ, ಟಿಕೆಟ್ ಮೊದಲೇ ಮಾಡಿಸಿ.

– ಮಾಜಿ ಗಗನಸಖಿ

*

ಹೋಗಿ, ಆದರೆ ಕೈಚೀಲ ಮಾತ್ರ. ನಾನು ನಾಲ್ಕು ದಿನದ ಪ್ರವಾಸಕ್ಕೆ ದೊಡ್ಡ ಸೂಟ್‌ಕೇಸ್ ವಿಮಾನದವರ ಕೌಂಟರಲ್ಲಿ ಕೊಟ್ಟೆ. ವಿಮಾನ ಬದಲಿಸುವ ಕಡೆ ನಾನು ಓಡಿ ಹತ್ತಿದೆ, ಅದು ಹತ್ತಲಿಲ್ಲ. ಮೂರನೇ ದಿನ ಸಂಜೆ ಹೋಟೆಲ್‌ಗೆ ಬಂತು. ಅಲ್ಲಿಯವರೆಗೆ ಒಂದೇ ಪ್ಯಾಂಟು. ತಡವಾದ ಸಾಮಾನಿಗೆ ಪರಿಹಾರ ಕೇಳೋಕೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ, ಸಾಮಾನು ಕೈಗೆ ಬಂದ 21 ದಿನದೊಳಗೆ ಬರೆದು ಕೊಡಬೇಕು. ಬರೆದು ಕೊಟ್ಟೆ, ಸ್ವಲ್ಪ ದುಡ್ಡೂ ಬಂತು. ಎರಡು ದಿನ ಬಟ್ಟೆ ಅಂಗಡಿ ಹುಡುಕಿದ್ದಕ್ಕೆ ಪರಿಹಾರ ಎಲ್ಲಿಂದ ಬರಬೇಕು?

– ಒಂದೇ ಪ್ಯಾಂಟಿನವನು

*

ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು, ಹಾಗಾಗಿ ಕಾಲಿನ ಬಗ್ಗೆ ಮಾತ್ರ ಹೇಳ್ತೀನಿ. 4 ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಹೆದರಬೇಡಿ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಿಗೆ ಆಗುವಂಥದ್ದು. ಆದರೆ ಅದೇ ವರದಿ ಇನ್ನೊಂದು ಮಾತೂ ಹೇಳಿತ್ತು: ಸ್ವಲ್ಪ ದಿನದೊಳಗೆ ಮೇಲಿಂದ ಮೇಲೆ ಹಾರಿದರೆ ಅಪಾಯ ಜಾಸ್ತಿ. ನಿಮ್ಮ ಪ್ರವಾಸ ಸರಿಯಾಗಿ ಆ ಜಾತಿಯದ್ದು. ಐದು ದಿನದೊಳಗೆ ನಾಲ್ಕು ಸಲ ಹಾರಾಟ.

ನಡೆದಾಡುವ ಹಾದಿಯ ಪಕ್ಕದ ಸೀಟೇ ಕೇಳಿ. ಗಂಟೆಗೊಮ್ಮೆ ಎದ್ದು ಓಡಾಡಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಹದಿನಾರು ಗಂಟೆ ಪೂರ್ತಿ ಮರೆತು ಮಲಗೋಣ ಅಂತ ನಿದ್ದೆ ಮಾತ್ರೆ ನುಂಗಿ ಕೂರಬೇಡಿ. ಹಾರ್ಮೋನ್ ಮಾತ್ರೆ ತಗೊಳ್ತಿದ್ದರೆ, ಹಿಂದೆ ಕಾಲು ಊದಿಕೊಂಡ ತೊಂದರೆ ಇದ್ದರೆ ಡಾಕ್ಟರ್ ಕೇಳದೆ ಟಿಕೆಟ್ ಮಾಡಿಸಬೇಡಿ. ಉಳಿದದ್ದು ನಿಮ್ಮ ಗಂಡ ಹೆಂಡಿರ ವಿಷಯ, ನಾನು ಬಾಯಿ ಹಾಕಲ್ಲ.

– ನಿವೃತ್ತ ನರ್ಸ್

*

ಮೂರು ದಿನ ಸಾಲದು ಅನ್ನುವವರಿಗೆ ನನ್ನ ಕಥೆ. 2024ರ ಏಪ್ರಿಲ್ 8ರ ಪೂರ್ಣ ಸೂರ್ಯಗ್ರಹಣ ನೋಡೋಕೆ ಮೆಕ್ಸಿಕೋದ ಮಸಾತ್ಲಾನ್‌ಗೆ ಹೋಗಿದ್ದೆ. ಒಂದೂವರೆ ದಿನದ ದಾರಿ, ಎರಡು ರಾತ್ರಿ ವಾಸ. ಗ್ರಹಣ ಇದ್ದದ್ದು ನಾಲ್ಕು ನಿಮಿಷಕ್ಕೂ ಸ್ವಲ್ಪ ಜಾಸ್ತಿ, ಅಷ್ಟೇ. ನಡುಹಗಲಲ್ಲಿ ಬೀದಿ ದೀಪ ತಾನಾಗಿ ಹೊತ್ತಿಕೊಂಡಿತು, ಶುಕ್ರ ಗ್ರಹ ಕಾಣಿಸಿತು. ನನ್ನ ಪಕ್ಕ ಇದ್ದ ಅಜ್ಜ ಕ್ಯಾಮೆರಾ ಮುಚ್ಚಳ ತೆಗೆಯೋದನ್ನೇ ಮರೆತು ಪಟಪಟ ಒತ್ತುತ್ತಿದ್ದ. ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ.

ನಿಮ್ಮಿಬ್ಬರಿಗೂ ಪ್ಯಾರಿಸ್‌ನಲ್ಲಿ ಹಾಗೆ ಒಂದು ವಸ್ತು, ಒಂದು ಜಾಗ, ಒಬ್ಬ ಗೆಳೆಯ ಯಾರಾದರೂ ಇದ್ದಾರಾ? ಇದ್ದರೆ ಒಂದು ದಿನಕ್ಕೂ ಹೋಗಿ. ‘ಎಲ್ಲಾ ನೋಡಿಬಿಡೋಣ’ ಅಂತಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಂದ ಹಾಗೆ, 2026ರ ಆಗಸ್ಟ್ 12ರ ಪೂರ್ಣ ಗ್ರಹಣದ ದಾರಿ ಐಸ್‌ಲ್ಯಾಂಡ್, ಸ್ಪೇನ್ ಮೇಲೆ. ಸುಮ್ನೆ ಹೇಳಿದೆ.

– ನಾಲ್ಕು ನಿಮಿಷದ ಪ್ರವಾಸಿ

*

ಗಂಟೆ ಎಣಿಸಬೇಡಿ, ದಿಕ್ಕು ನೋಡಿ. ಲಂಡನ್‌ನಿಂದ ಕೇಪ್‌ಟೌನ್‌ಗೆ ಹನ್ನೊಂದು ಹನ್ನೆರಡು ಗಂಟೆ ಹಾರಿದರೂ ಸಮಯದ ವ್ಯತ್ಯಾಸ ಒಂದೆರಡು ಗಂಟೆ ಮಾತ್ರ. ಉತ್ತರ ದಕ್ಷಿಣವಾಗಿ ಹಾರಿದರೆ ಸೊಂಟ ನೋಯುತ್ತೆ, ನಿದ್ದೆ ಕೆಡಲ್ಲ. ಭೂಪಟ ಹರಡಿ ನಿಮ್ಮೂರಿನ ಮೇಲೆ ಕೆಳಗೆ ಬೆರಳು ಎಳೆಯಿರಿ, ಐದು ದಿನಕ್ಕೆ ಏನಾದರೂ ಸಿಕ್ಕೀತು. ಅದೂ ಬೇಡ ಅಂದರೆ ವಿಮಾನ ಬದಲಿಸುವ ಊರಲ್ಲೇ ಇಳಿದುಬಿಡಿ. ಅರ್ಧ ದಾರಿ, ಅರ್ಧ ಸುಸ್ತು, ಅದೂ ಪರದೇಶವೇ ಅಲ್ವಾ? ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಐದೂವರೆ ಗಂಟೆ ಬಿಡುವಿರುವ ಪ್ರಯಾಣಿಕರನ್ನೇ ಬಸ್ಸಲ್ಲಿ ಕೂರಿಸಿ ಊರು ತೋರಿಸಿಕೊಂಡು ಬರ್ತಾರೆ, ಪುಕ್ಕಟೆ.

– ಭೂಗೋಳದ ಮೇಷ್ಟ್ರು

*

ತಂಗಿ, ನನಗೆ ಅರವತ್ತೇಳು. ನಿಮ್ಮದು ಆರು ವರ್ಷ, ನಮ್ಮದು ಇಪ್ಪತ್ತೆರಡು. ಮಕ್ಕಳ ಪರೀಕ್ಷೆ, ಮನೆ ಸಾಲ, ಅತ್ತೆಯ ಆರೋಗ್ಯ, ಪ್ರತಿ ವರ್ಷ ಒಂದೊಂದು. ನಿವೃತ್ತಿ ಆದ ಮೇಲೆ ಬೇಕಾದಷ್ಟು ರಜೆ ಅಂತ ಇವರು ಹೇಳುತ್ತಿದ್ದರು. ಸಿಕ್ಕಿತು. ಪೂರಾ 14 ದಿನ ರೋಮ್‌ನಲ್ಲಿ ಇದ್ದೆವು.

ಅಲ್ಲಿ ಸ್ಪ್ಯಾನಿಷ್ ಸ್ಟೆಪ್ಸ್ ಅಂತ 135 ಮೆಟ್ಟಿಲು ಇವೆ. ನಲವತ್ತನೇ ಮೆಟ್ಟಿಲಿಗೆ ಇವರ ಮಂಡಿ ಕೈಕೊಟ್ಟಿತು. ಉಸ್ಸಪ್ಪಾ ಅಂತ ಕೂತರು. ಕೂತಿದ್ದೇ ತಡ, ಕೆಳಗಿನಿಂದ ಪೊಲೀಸಿನವಳ ಸೀಟಿ. 2019ರಿಂದ ಆ ಮೆಟ್ಟಿಲ ಮೇಲೆ ಕೂರುವ ಹಾಗಿಲ್ಲವಂತೆ, ದಂಡ ಹಾಕ್ತಾರಂತೆ. ಮೇಲೆ ಹತ್ತೋಕಾಗಲ್ಲ, ಕೂರೋಕೆ ಬಿಡಲ್ಲ. ನಾನು ಒಂದು ಕಡೆ, ಯಾವುದೋ ದೇಶದ ಹುಡುಗ ಇನ್ನೊಂದು ಕಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆವು. ಉಳಿದ ಹನ್ನೊಂದು ದಿನ ನಾವು ನೋಡಿದ್ದು ಬೆಂಚಿನಿಂದ ಕಾಣುವಷ್ಟು ರೋಮ್.

ನೀವು ಕೇಳಿದ್ದು ವಿಮಾನದ ವಿಷಯ. ನಿಮ್ಮವರ ಉತ್ತರ ಓದಿದರೆ ಅವರು ಮಾತಾಡ್ತಿರೋದು ಆರು ವರ್ಷದ ವಿಷಯ ಅಂತ ನನಗೆ ಅನ್ನಿಸಿತು. ರಾತ್ರಿ ಊಟದ ಹೊತ್ತಿಗೆ, ಪ್ಯಾರಿಸ್ ಹೆಸರು ಎತ್ತದೆ, ಅದನ್ನು ಕೇಳಿ ನೋಡಿ.

– ಬೆಂಚಿನ ಮೇಲಿನ ಅಕ್ಕ

*

ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ವಿಮಾನಗಳ ಪಾಲು ನೂರಕ್ಕೆ ಎರಡೂವರೆಯಷ್ಟು. ನೀವು ಮೂರು ದಿನ ಇದ್ದು ಬಂದರೂ ಮೂವತ್ತು ದಿನ ಇದ್ದು ಬಂದರೂ ಆ ಹೊಗೆ ಅಷ್ಟೇ. ವರ್ಷಕ್ಕೆ ಮೂರು ಸಲ ಹೀಗೆ ಹೋಗಿ ಬರುವ ಬದಲು ಮೂರು ವರ್ಷಕ್ಕೊಮ್ಮೆ ಹೋಗಿ, ಜಾಸ್ತಿ ದಿನ ಇರಿ. ಬುದ್ಧಿ ಹೇಳೋಕೆ ಬಂದಳು ಅಂದುಕೊಳ್ಳಬೇಡಿ, ನನಗೂ ಪ್ಯಾರಿಸ್ ನೋಡಬೇಕು ಅಂತ ಇದೆ.

– ಕಾಲೇಜು ಹುಡುಗಿ

*

ಇಷ್ಟೆಲ್ಲ ಆದ ಮೇಲೆ ನನ್ನದು ಮಂಗಳವಾರ ಮಧ್ಯಾಹ್ನದ ಬಗ್ಗೆ. ನಾನು ಹತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಒಬ್ಬ ನಿಮ್ಮ ಹಾಗೇ ಉದ್ದ ಪ್ರಯಾಣ ಮುಗಿಸಿ ಏರ್‌ಪೋರ್ಟಿಂದ ನೇರ ಮೀಟಿಂಗ್‌ಗೆ ಬಂದ. ಕಣ್ಣು ತೆರೆದೇ ಇತ್ತು, ತಲೆ ಆಡಿಸುತ್ತಲೂ ಇದ್ದ. ನಾನು ಒಂದು ಪ್ರಶ್ನೆ ಕೇಳಿದೆ. ಬಹಳ ಗಂಭೀರವಾಗಿ ಉತ್ತರ ಕೊಟ್ಟ, ನಾನು ಹತ್ತು ನಿಮಿಷದ ಹಿಂದೆ ಬೇರೆಯವರಿಗೆ ಕೇಳಿದ್ದ ಪ್ರಶ್ನೆಗೆ. ಯಾರೂ ನಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಅದೇ ದಿನ ಅವನು ಕಳಿಸಿದ ಪತ್ರಗಳನ್ನು ಮರುದಿನ ನಾವಿಬ್ಬರೂ ಕೂತು ಒಂದೊಂದಾಗಿ ತಿದ್ದಿದೆವು.

ಪ್ಯಾರಿಸ್‌ಗೆ ಹೋಗೋದು ಬಿಡೋದು ನಿಮಗೆ ಬಿಟ್ಟದ್ದು. ಹೋದರೆ ಮಂಗಳವಾರಕ್ಕೂ ಬುಧವಾರಕ್ಕೂ ಈಗಲೇ ರಜೆ ಬರೆದುಕೊಡಿ. ಕೊಡಲ್ಲ ಅಂದರೆ ಭಾನುವಾರವೇ ವಾಪಸ್ ಹೊರಡಿ, ಒಂದು ದಿನ ಹೋದರೆ ಹೋಗಲಿ. ಆಮೇಲೆ, ಏರ್‌ಪೋರ್ಟಿಂದ ಮನೆಗೆ ಕಾರು ನೀವು ಓಡಿಸಬೇಡಿ. ನಿಮ್ಮವರ ಕೈಗೂ ಕೊಡಬೇಡಿ.

– ಹತ್ತು ಜನರ ಬಾಸ್