'ಗೆಟ್' ಕ್ರಿಯಾಪದವನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುವುದು ಹೇಗೆ?

ಪ್ರಶ್ನೆ – ಪ್ರೌಢಶಾಲಾ ಶಿಕ್ಷಕಿ, ಉಡುಪಿ

ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. 'ಗೆಟ್' ಎಂದರೆ 'ಪಡೆ' ಎಂದು ಹೇಳಿಕೊಟ್ಟರೆ 'ಐ ಗಾಟ್ ಎ ಪ್ರೈಜ್' ಎಂಬುದು ಮಕ್ಕಳಿಗೆ ಅರ್ಥವಾಗುತ್ತದೆ. ಆದರೆ 'ಇಟ್ ಈಸ್ ಗೆಟಿಂಗ್ ಡಾರ್ಕ್' ಎಂದು ಬಂದಾಗ 'ಅದು ಕತ್ತಲೆಯನ್ನು ಪಡೆಯುತ್ತಿದೆ' ಎಂದು ಬರೆಯುತ್ತಾರೆ. ನಿಘಂಟಿನ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಿಸದೆ ಕಲಿಸುವ ದಾರಿ ಇದೆಯೇ?

ಉತ್ತರ – ನಿವೃತ್ತ ಉಪನ್ಯಾಸಕ, ಮಂಗಳೂರು

ಮೇಡಂ, ಅರ್ಥ ಹುಡುಕುವ ಮೊದಲು ಆ ಪದದ ಮುಂದೆ ಏನಿದೆ ಎಂದು ನೋಡುವ ಅಭ್ಯಾಸ ಮಾಡಿಸಿ. ನಾಮಪದವಿದ್ದರೆ ಸಾಮಾನ್ಯವಾಗಿ 'ಸಿಗು', ಗುಣವಾಚಕವಿದ್ದರೆ 'ಆಗು', ಸ್ಥಳವಿದ್ದರೆ 'ತಲುಪು'. 'ಕತ್ತಲಾಗುತ್ತಿದೆ' ಎಂಬುದು ಆಗ ತಾನಾಗಿಯೇ ಬರುತ್ತದೆ. ಸ್ಥಳದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: 'ಗಾಟ್ ಟು ಮಣಿಪಾಲ' ಸರಿ, ಆದರೆ 'ಮನೆಗೆ' ಎಂಬುದರ ಪ್ರಭಾವದಿಂದ 'ಗಾಟ್ ಟು ಹೋಮ್' ಎಂದು ಬರೆಯಬಾರದು, 'ಗಾಟ್ ಹೋಮ್' ಎಂದಷ್ಟೇ ಬರೆಯಬೇಕು.

ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ವಸ್ತು 'ನನಗೆ' ಸಿಗುತ್ತದೆ. ಇಂಗ್ಲಿಷಿನಲ್ಲಿ 'ನಾನೇ' ಕರ್ತೃವಾಗುತ್ತೇನೆ. ಇದನ್ನು ಬಿಡಿಸಿ ಹೇಳದಿದ್ದರೆ 'ಟು ಮಿ ಗಾಟ್' ಎಂಬಂಥ ವಾಕ್ಯಗಳು ಹುಟ್ಟುತ್ತವೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು 'ಮಾಡಿಸು' ಎಂಬ ಅರ್ಥಕ್ಕೆ. ಮಳೆಗಾಲಕ್ಕೆ ಮುನ್ನ ಮಾಡಿನ ಹಂಚು ಸರಿಮಾಡಿಸಿದೆವು ಎನ್ನಲು 'ವಿ ಗಾಟ್ ದ ರೂಫ್ ರಿಪೇರ್ಡ್' ಎನ್ನಬೇಕು. 'ವಿ ರಿಪೇರ್ಡ್' ಎಂದರೆ ನಾವೇ ಏಣಿ ಹತ್ತಿದಂತಾಗುತ್ತದೆ. ಕ್ಷೌರದಂಗಡಿಯಿಂದ ಬಂದು 'ಐ ಕಟ್ ಮೈ ಹೇರ್' ಎನ್ನುವವರು ಪದವೀಧರರಲ್ಲೂ ಇದ್ದಾರೆ. ನಾವು ಕ್ರಿಯಾಪದಕ್ಕೆ 'ಇಸು' ಸೇರಿಸಿ ಮುಗಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ಗೆಟ್', ನಂತರ ವಸ್ತು, ನಂತರ ಕ್ರಿಯಾಪದದ ಮೂರನೆಯ ರೂಪ, ಇದೇ ಕ್ರಮದಲ್ಲಿ ಬರಬೇಕು.

ಉತ್ತರ – ಅನುವಾದಕಿ, ಮಂಗಳೂರು

ಸರ್ ಹೇಳಿದ ಸೂತ್ರ ಉಪಯುಕ್ತವೇ, ಆದರೆ ಎಲ್ಲ ಕಡೆ ನಡೆಯದು. 'ದ ಥೀಫ್ ಗಾಟ್ ಕಾಟ್' ಎಂಬಲ್ಲಿ ಕಳ್ಳ ಯಾರಿಂದಲೂ ಏನನ್ನೂ ಮಾಡಿಸಲಿಲ್ಲ, ಅವನೇ ಸಿಕ್ಕಿಬಿದ್ದ. ನಡುವೆ ವಸ್ತುವಿಲ್ಲದಿದ್ದರೆ ಅದು ಕರ್ಮಣಿ ಪ್ರಯೋಗವೆಂದು ಹೇಳಿಕೊಡಿ. ವ್ಯಕ್ತಿಯಿಂದ ಕೆಲಸ ಮಾಡಿಸುವಾಗ 'ಐ ಗಾಟ್ ಹಿಮ್ ಟು ಕಮ್' ಎಂದು 'ಟು' ಬರುತ್ತದೆ, 'ಐ ಮೇಡ್ ಹಿಮ್ ಕಮ್' ಎಂಬಲ್ಲಿ ಬರುವುದಿಲ್ಲ. ಮೊದಲನೆಯದರಲ್ಲಿ ಪುಸಲಾಯಿಸಿ ಒಪ್ಪಿಸಿದ ಛಾಯೆಯಿದೆ, ಎರಡನೆಯದರಲ್ಲಿ ಒತ್ತಾಯದ್ದು.

ಉತ್ತರ – ಬ್ಯಾಂಕ್ ಉದ್ಯೋಗಿ, ಉಡುಪಿ

'ಹ್ಯಾವ್ ಗಾಟ್' ಎಂದರೆ ಬರಿದೇ 'ಇದೆ' ಎಂದರ್ಥ, ಇದನ್ನೂ ಸೇರಿಸಿಕೊಳ್ಳಿ. ಅಮೆರಿಕದ ಚಿತ್ರಗಳನ್ನು ನೋಡುವ ಮಕ್ಕಳು 'ಗಾಟನ್' ಬಗ್ಗೆ ಕೇಳಬಹುದು. ಅದು ಇಂಗ್ಲಿಷಿನ ಹಳೆಯ ರೂಪವೇ, ಅಮೆರಿಕದಲ್ಲಿ ಉಳಿದುಕೊಂಡಿದೆ; ಬ್ರಿಟಿಷ್ ರೂಢಿಯಲ್ಲಿ ಮೂರನೆಯ ರೂಪವೂ 'ಗಾಟ್' ಆಗಿದೆ. ಅರ್ಜಿ, ಪತ್ರಗಳಲ್ಲಿ ಮಾತ್ರ 'ಐ ಗಾಟ್ ಯುವರ್ ಲೆಟರ್' ಎನ್ನುವುದಕ್ಕಿಂತ 'ರಿಸೀವ್ಡ್' ಎಂದು ಬರೆಯಿಸುವುದು ಒಳ್ಳೆಯದು.